ಶೋರೂಮಿನ ಪಂಪು, ಹುಲಿಯಕ್ಕನ ಸಸಿ

ನಮ್ಮೂರಲ್ಲಿ ಟ್ರ್ಯಾಕ್ಟರ್ ಓಡಿಸುವ ಹೆಂಗಸು ಒಬ್ಬಳೇ, ನನ್ನ ಪಕ್ಕದ ಗದ್ದೆಯ ಹುಲಿಯಕ್ಕ. ಗಂಡ ಹೂವಪ್ಪ ಭಾವನಿಗೆ ಕುರಿ ಬಿಟ್ಟರೆ ಬೇರೆ ಲೋಕವಿಲ್ಲ. ಸ್ಟೇರಿಂಗ್ ಮುಟ್ಟು ಎಂದರೆ ಎದ್ದು ಹೋಗುತ್ತಾನೆ. ಹಾಗಾಗಿ ಇವಳೇ ಶಿರಾಳಕೊಪ್ಪದ ಪರಮಶಿವಪ್ಪನವರ ಅಂಗಡಿಯಲ್ಲಿ ಗಾಡಿ ಕೊಂಡು, ಅಲ್ಲಿನ ಮೆಕ್ಯಾನಿಕ್ ಮಾಸ್ತಪ್ಪನ ಹತ್ತಿರ ಕಲಿತು, ಊರಿನವರೆಗೆ ತಾನೇ ಓಡಿಸಿಕೊಂಡು ಬಂದಳು. ಅಂದು ಕಟ್ಟೆ ಮೇಲೆ ಕೂತು ನಕ್ಕವರೇ ಮರುವರ್ಷ ಉಳುಮೆಗೆ ಬಾ ಅಂತ ಅವಳ ಬಾಗಿಲಿಗೆ ಹೋದರು.

ಪರಮಶಿವಪ್ಪನವರದ್ದೊಂದು ಪದ್ಧತಿಯಿತ್ತು. ನಾಟಿ ಕಾಲದಲ್ಲಿ ಯಾರದ್ದಾದರೂ ಗಾಡಿ ಕೆಟ್ಟು, ಬೇಕಾದ ಸಾಮಾನು ಅಂಗಡಿಯಲ್ಲಿ ಇಲ್ಲದಿದ್ದರೆ, ಮಾರಲು ನಿಲ್ಲಿಸಿದ್ದ ಹೊಸ ಗಾಡಿಯಿಂದಲೇ ಬಿಚ್ಚಿ ಕೊಡುತ್ತಿದ್ದರು. "ಗಾಡಿ ನಾಳೆ ಮಾರಿದ್ರಾತು ಕಣ್ರೀ, ಸಸಿ ನಾಳೆತನಕ ಕಾಯುತ್ತಾ?" ಎನ್ನುತ್ತಿದ್ದರು. ಅವರು ಇಲ್ಲವೆಂದರೆ ಸೊರಬದ ಡೀಲರ್ ಕೊಡುತ್ತಿದ್ದ. ಗಿರಾಕಿ ಕೈತಪ್ಪಿ ಹೋದಾನೆಂಬ ಹೆದರಿಕೆ ಇಬ್ಬರಿಗೂ ಇತ್ತು.

ಆಮೇಲೆ ದೊಡ್ಡ ಕಂಪನಿಯೊಂದು ಬಂದು ಎರಡೂ ಡೀಲರ್‌ಶಿಪ್ ನುಂಗಿತು. ಶಿರಾಳಕೊಪ್ಪದ್ದಕ್ಕೆ ಬೀಗ, ಸೊರಬದಲ್ಲಿ ಬರೀ ಬೋರ್ಡು, ಶಿಕಾರಿಪುರದಲ್ಲಿ ಗಾಜಿನ ಶೋರೂಮು. ರೈತರ ಅನುಕೂಲಕ್ಕಂತೆ! ಅನುಕೂಲವಂತೆ, ಮಣ್ಣಾಂಗಟ್ಟಿ!

ಈ ವರ್ಷ ಅಂಬ್ಲಿಗೊಳ ಜಲಾಶಯದ ನೀರು ಗದ್ದೆಗೆ ಬಂದ ಹೊತ್ತಿಗೇ ಅಕ್ಕನ ಗಾಡಿಯ ಹೈಡ್ರಾಲಿಕ್ ಪಂಪು ಕೈಕೊಟ್ಟಿತು. ಹಿಂದೆ ಕಟ್ಟಿದ, ಮಣ್ಣು ಕಲಸುವ ರೋಟವೇಟರ್ ಮೇಲೇಳಲೊಲ್ಲದು. ಅದು ಏಳದೆ ಕೆಸರು ಹೊಡೆಯುವುದು ಹೇಗೆ? ಸಸಿಮಡಿಯಲ್ಲಿ ಭತ್ತದ ಸಸಿ ನಾಟಿಗೆ ಬಂದು ನಿಂತಿತ್ತು. ಬಾಡಿಗೆಗೆ ತರೋಣವೆಂದರೆ ಎಲ್ಲರ ಗಾಡಿಗಳೂ ಅವರವರ ಗದ್ದೆಯಲ್ಲೇ ಇದ್ದವು. ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಶಿಕಾರಿಪುರಕ್ಕೆ ಹೋದೆ.

ಶೋರೂಮಿನಲ್ಲಿ ಅದೇ ಮಾದರಿಯ ಗಾಡಿ, ಅದೇ ಪಂಪು, ಕಣ್ಣೆದುರೇ ಇತ್ತು. ಕಂಪನಿ ಅಂಗಿ ತೊಟ್ಟ ಮಾಸ್ತಪ್ಪನೂ ಅಲ್ಲೇ ಇದ್ದ.

"ಇದ್ರದ್ದು ಬಿಚ್ಚಿ ಕೊಡ್ರೀ. ಹೊಸದು ಬಂದ್ಮೇಲೆ ಇದಕ್ಕೆ ಹಾಕ್ಕೊಳ್ಳಿ," ಎಂದಳು ಅಕ್ಕ.

"ಸಿಸ್ಟಮ್‌ನಲ್ಲಿ ಅವಕಾಶ ಇಲ್ಲ ಮೇಡಂ. ಆರ್ಡರ್ ಹಾಕ್ತೀವಿ, ಬಂದಾಗ ಫೋನ್ ಮಾಡ್ತೀವಿ," ಎಂದ ಟೈ ಕಟ್ಟಿದ ಮ್ಯಾನೇಜರ್.

"ನಿಮ್ ಸಿಸ್ಟಮ್ಮು ಬಂದು ನಾಟಿ ಮಾಡುತ್ತೇನ್ರೀ?"

"ಸ್ವಲ್ಪ ಹೊತ್ತಿನ ಕೆಲ್ಸ ಸಾರ್," ಎಂದು ಮಾಸ್ತಪ್ಪ ಬಾಯಿಬಿಟ್ಟ. ಮ್ಯಾನೇಜರ್ ದುರುಗುಟ್ಟಿ ನೋಡಿದ್ದಕ್ಕೆ ತಲೆ ತಗ್ಗಿಸಿದ.

ಅಕ್ಕ ಸೀರೆ ಎತ್ತಿಕಟ್ಟಿ ಸೀದಾ ಆ ಹೊಸ ಗಾಡಿ ಹತ್ತಿ ಕೂತಳು. "ಪಂಪು ಬಿಚ್ಚೋವರ್ಗೂ ಇಳಿಯಲ್ಲ. ಪೊಲೀಸ್ನೋರ್ನ ಕರೀತೀಯಾ? ಕರಿ!" ಮ್ಯಾನೇಜರ್ ಎಷ್ಟು ಹಾರಾಡಿದರೂ ಅಲ್ಲಾಡಲಿಲ್ಲ. ಕೊನೆಗೆ ಮಾಸ್ತಪ್ಪನೇ ಬಂದು ಕೈಮುಗಿದ. "ಅಕ್ಕಾ, ಇಳೀರಿ. ನನ್ ಕೆಲ್ಸ ಹೋಗುತ್ತೆ." ಅವನ ಮುಖ ನೋಡಿ ಇಳಿದಳು. ಅಲ್ಲಾ, ಬಡವನನ್ನು ಮುಂದೆ ನಿಲ್ಲಿಸಿ ಬಡವಳನ್ನು ಇಳಿಸುವುದು ಯಾವ ಊರಿನ ನ್ಯಾಯ?

ಮಾರನೇ ದಿನ ಸೊರಬಕ್ಕೂ ಹೋದೆವು. ಬೋರ್ಡಿನ ಕೆಳಗೆ ಕೂತಿದ್ದ ಹುಡುಗ ಶಿಕಾರಿಪುರದಲ್ಲೇ ಕೇಳಿ ಎಂದ.

ಪಂಪು ಬರುವ ಹೊತ್ತಿಗೆ ಸಸಿ ಬಲಿತು ಗೆಣ್ಣು ಬಿಟ್ಟಿತ್ತು. ಅಂಥದ್ದನ್ನು ನೆಟ್ಟರೆ ಬುಡದಲ್ಲಿ ತೆಂಡೆ ಒಡೆದು ಪೈರು ತುಂಬಿಕೊಳ್ಳುವುದಿಲ್ಲ. ಮತ್ತೆ ಬಿತ್ತಲು ಕಾಲ ಮೀರಿತ್ತು. ಹೂವಪ್ಪ ಭಾವ ಕುರಿಗಳನ್ನು ಮಡಿಗೆ ಬಿಟ್ಟ. ಅಕ್ಕ ಬದುವಿನ ಮೇಲೆ ನಿಂತು ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಕಂಪನಿಯ ಹುಡುಗಿ.

"ಮೇಡಂ, ನಮ್ಮ ಸರ್ವೀಸ್‌ಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ?"

"ನನ್ನೇನ್ ಕೇಳ್ತೀಯ ತಂಗಿ? ನಿಮ್ ಸರ್ವೀಸಿಂದ ಹೊಟ್ಟೆ ತುಂಬಿದ್ದು ನಮ್ ಕುರಿಗುಳ್ದು. ಅವುನ್ನೇ ಕೇಳು," ಎಂದು ಅಕ್ಕ ಫೋನನ್ನು ಮಡಿಯ ಕಡೆಗೆ ಹಿಡಿದಳು.