ಮಲ್ಸುನಳ ಮಾತ್ರೆ, ಅತ್ತೆಯ ಕಷಾಯ

ಕೊರಿಯಾದ ಗುನ್ಸಾನ್ ಪೇಟೆಯಲ್ಲಿ ಮಲ್ಸುನಳ ಕಿಮ್ಚಿ ಉಪ್ಪಿನಕಾಯಿ ಅಂಗಡಿ ಗೊತ್ತಿಲ್ಲದವರಿಲ್ಲ. ಉಪ್ಪಿನ ಸೀಗಡಿ, ಸೋಯಾದಲ್ಲಿ ನೆನೆದ ಏಡಿ, ಯಾವುದನ್ನೂ ತಾನು ರುಚಿ ನೋಡದೆ ಮಾರಿದವಳಲ್ಲ. ಆ ವರ್ಷ ಬಾಯಿಗಿಟ್ಟದ್ದು ಕೆಳಗಿಳಿಯದಾಯಿತು. ಜಠರದಲ್ಲಿ ಗಡ್ಡೆ; ಕೊಯ್ದು ತೆಗೆಯುವ ಹಂತ ದಾಟಿತ್ತು.

ಕೀಮೋ ಸೋತ ಮೇಲೆ ಡಾಕ್ಟರು ಒಂದು ಪ್ರಯೋಗದ ಮಾತೆತ್ತಿದರು. ಮೂರ್ಛೆರೋಗಕ್ಕೆ ಕೊಡುವ ಹಳೆಯ ಮಾತ್ರೆ, ಈಗ ಗಡ್ಡೆಗೆ.

"ಬೆಳೆದದ್ದು ಸಾಕು, ನಿಲ್ಲು ಅನ್ನೋ ಜೀನು ನಿಮ್ಮ ಗಡ್ಡೇಲೂ ಇದೆ ಅಮ್ಮಾ. ಕೆಟ್ಟಿಲ್ಲ, ಬಿಗಿಯಾಗಿ ಸುತ್ತಿ ಬಾಯಿ ಮುಚ್ಚಿಸಿದ ಹಾಗಿದೆ. ಈ ಮಾತ್ರೆ ಆ ಸುತ್ತು ಸಡಿಲಿಸಿದ್ರೆ ಕೀಮೋ ಮತ್ತೆ ನಾಟಬಹುದು. ನಾಟದೇನೂ ಇರಬಹುದು."

"ನನಗೆ ಮೂರ್ಛೆ ಇಲ್ವಲ್ಲಾ ಡಾಕ್ಟ್ರೇ. ಅತ್ತೆ ಬೈದಾಗ ಮಾತ್ರ ಬರೋ ಹಾಗಾಗುತ್ತೆ."

ನರ್ಸ್ ಹಿಯೊನ್‌ಜು ನಗುತ್ತಲೇ ಎಚ್ಚರಿಸಿದಳು: "ಲಿವರ್‌ಗೆ ಇದು ಭಾರ. ಬೇರು ನಾರಿನ ಕಷಾಯ ಒಂದು ಗುಟುಕೂ ಬೇಡ. ಕುಡಿದ್ರೆ ಪ್ರಯೋಗದಿಂದ ತೆಗೆದುಬಿಡ್ತಾರೆ."

ಮೊದಲ ಸ್ಕ್ಯಾನಿನಲ್ಲೇ ಗಡ್ಡೆ ಕುಗ್ಗಿತ್ತು. ಮಲ್ಸುನ್ ಬಟ್ಟಲು ತುಂಬ ಗಂಜಿ ಕುಡಿದಳು. ಅದನ್ನು ಕಂಡ ಅತ್ತೆಗೆ ಹುರುಪು ಬಂತು. ಮದುವೆಯಾಗಿ ಬಂದಾಗಿನಿಂದ ಸೊಸೆಯ ಅಡುಗೆಯಲ್ಲಿ ಉಪ್ಪು ಹೆಚ್ಚೆಂದೇ ಹೇಳಿದ ಮುದುಕಿ, ಹಿತ್ತಲಲ್ಲಿ ಒಲೆ ಹೂಡಿ ಮಣ್ಣಿನ ಮಡಕೆ ಇಟ್ಟು, ಬೇರು ಕುದಿಸಿ, ಸೊಟ್ಟಗಾದ ಬೆರಳುಗಳಿಂದ ಬಟ್ಟೆ ತಿರುಚಿ ಕಷಾಯ ಹಿಂಡಿದಳು. ಮೊಮ್ಮಗಳ ಹೆಸರು ಹಿಡಿದೇ ಸೊಸೆಯನ್ನು ಕರೆಯುವುದು ಆಕೆಯ ರೂಢಿ.

"ಸೆರಾನ್ ಅಮ್ಮಾ, ಬಿಸಿ ಇರೋವಾಗ್ಲೇ ಕುಡಿ."

"ಆಸ್ಪತ್ರೇಲಿ ಬೇಡ ಅಂದಿದಾರೆ ಅತ್ತೆ."

"ಇದೇನು ಔಷಧಿನಾ? ಬೇರು ಕಣೇ! ಅವರು ನಿನ್ನ ರಕ್ತ ನೋಡ್ತಾರೆ, ಮುಖ ನಾನು ನೋಡ್ತಿದ್ದೀನಿ. ಕುಡಿ."

ಕುಡಿದಳು. ಕಹಿಗೆ ಸೊಸೆ ಮುಖ ಕಿವುಚಿದ ಕೂಡಲೇ ಅತ್ತೆ ಒಂದು ಮಿಠಾಯಿ ಸುಲಿದು, ಮಗುವಿಗಿಡುವಂತೆ ಬಾಯಿಗಿಟ್ಟಳು. ನಾಳೆ ಖಂಡಿತ ಬೇಡವೆನ್ನಬೇಕು ಎಂದುಕೊಂಡಳು ಮಲ್ಸುನ್. ನಾಳೆಯೂ ಕುಡಿದಳು. ಆಮೇಲೂ.

ಮುಂದಿನ ರಕ್ತಪರೀಕ್ಷೆಯಲ್ಲಿ ಲಿವರ್ ಕೈಕೊಟ್ಟಿತ್ತು. ಕಷಾಯ ಕುಡಿದೇ ಇಲ್ಲವೆಂದು ಸುಳ್ಳು ಹೇಳಬಹುದಿತ್ತು. ಆಗ ತಪ್ಪು ಮಾತ್ರೆಯ ತಲೆಗೆ ಬರುತ್ತಿತ್ತು, ಅದನ್ನೇ ನುಂಗುತ್ತಿದ್ದ ಉಳಿದ ರೋಗಿಗಳ ಗತಿಯೇನು? ನಿಜ ಹೇಳಿಬಿಟ್ಟಳು.

"ಯಾಕಮ್ಮಾ? ಅಷ್ಟು ಹೇಳಿದ್ನಲ್ಲಾ!" ಹಿಯೊನ್‌ಜುವಿನ ದನಿ ಒಡೆಯಿತು.

"ಅತ್ತೆ ನನಗೋಸ್ಕರ ಒಲೆ ಮುಂದೆ ಕೂತಿದ್ದು ಇದೇ ಮೊದಲು ಮಗಳೇ. ಬೇಡ ಅನ್ನೋಕೆ ಬಾಯೇ ಬರಲಿಲ್ಲ. ಇನ್ನು ಮುಟ್ಟಲ್ಲ ಅಂತ ಡಾಕ್ಟ್ರಿಗೆ ಹೇಳು. ಕರಗ್ತಾ ಇತ್ತಲ್ಲ, ನೀನೇ ನೋಡಿದ್ಯಲ್ಲ!"

ಡಾಕ್ಟರು ಆಗದೆಂದು ತಲೆಯಾಡಿಸಿದರು. ನಿಯಮ ಬಿಟ್ಟರೂ ಲಿವರ್ ಬಿಡುವಂತಿರಲಿಲ್ಲ. ಉಳಿದ ಮಾತ್ರೆಗಳನ್ನು ಹಿಯೊನ್‌ಜು ವಾಪಸು ಪಡೆದಳು.

ಬಾಗಿಲಲ್ಲೇ ಕಾದಿದ್ದಳು ಅತ್ತೆ. "ಏನಂದ್ರು?"

"ಮಾತ್ರೆ ನಿಲ್ಲಿಸಿದ್ರು."

"ನೋಡಿದ್ಯಾ! ಮಾತ್ರೆ ಬೇಡ ಅಂದ್ರೆ ವಾಸಿ ಆಗ್ತಿದೆ ಅಂತ ತಾನೇ?" ಎಂದು ಮುದುಕಿ ಗೋಡೆಯಾಚೆಯ ನೆರೆಯವಳನ್ನು ಕೂಗಿ ಕರೆದಳು.

ಮಲ್ಸುನ್ ಚಪ್ಪಲಿ ಬಿಟ್ಟಳು. "ಹೂಂ ಅತ್ತೆ," ಎಂದು ಒಳಗೆ ಹೋದಳು. ಅಂದಿನಿಂದ ಕಷಾಯವನ್ನು ಗಂಡ ಗುಟ್ಟಾಗಿ ಮೋರಿಗೆ ಸುರಿದ. ಮಾತ್ರೆ ನಿಲ್ಲಲು ಕಷಾಯವೇ ಕಾರಣವೆಂಬುದನ್ನು ಅತ್ತೆಗೆ ಎಂದೂ ಹೇಳಬಾರದೆಂದು ಅವನಿಂದಲೂ ಮಗಳು ಸೆರಾನಳಿಂದಲೂ ಮಾತು ತೆಗೆದುಕೊಂಡಳು.

ಚಳಿಗಾಲ ಕಳೆಯುವ ಮೊದಲೇ ಮಲ್ಸುನ್ ತೀರಿಹೋದಳು. ಆಸ್ಪತ್ರೆಯ ಶೋಕಮಂದಿರದಲ್ಲಿ ಬಂದವರೆದುರೆಲ್ಲ ಮುದುಕಿ ಎದೆ ಬಡಿದುಕೊಳ್ಳುತ್ತಿದ್ದಳು: "ಆ ಹಾಳು ಮಾತ್ರೆ ಕೊಟ್ಟು ಕೊಂದ್ರು! ನನ್ನ ಕೈಗೇ ಬಿಟ್ಟಿದ್ರೆ ಉಳಿಸ್ಕೋತಿದ್ದೆ."

ಸೆರಾನ್ ಸಾವಿಗೆ ಬಂದವರಿಗೆ ಬಡಿಸುವ ಖಾರದ ಸಾರನ್ನು ಒಂದು ಬಟ್ಟಲು ತಂದು ಅಜ್ಜಿಯ ಮುಂದಿಟ್ಟಳು. "ಆರಿಹೋಗುತ್ತೆ, ಕುಡೀರಿ ಅಜ್ಜಿ," ಎಂದು ಚಮಚ ಕೈಗಿತ್ತಳು.