ಬಿಳಿ ಉಣ್ಣೆಯ ಉಂಡೆ

ತಿತಿಕಾಕಾ ಸರೋವರದ ನಮ್ಮ ದ್ವೀಪದಲ್ಲಿ ಟೋಪಿ ಹೆಣೆಯುವುದು ಗಂಡಸರ ಕೆಲಸ. ಅದರಲ್ಲೂ ಡ್ರಾಯಿಂಗ್ ಮೇಷ್ಟ್ರು ಫೌಸ್ತಿನೊ ನಮ್ಮ ಚಳಿಗಾಲವಾದ ಜೂನ್‌ನಲ್ಲಿ ಆಲೂಗಡ್ಡೆ ಸೂಪನ್ನೂ ಹೆಣಿಗೆ ಕಡ್ಡಿಯಲ್ಲೇ ಕಲಕುವವರು. ಮಕ್ಕಳು ಬೆಟ್ಟ ಬರೆದರೆ, "ಭೇಷ್! ಇನ್ನೊಂದಿಷ್ಟು ಹಿಮ ಸುರಿಯೋ, ಜಿಪುಣ!" ಎನ್ನುತ್ತಾರೆ. ಸರೋವರ ಬರೆದರೆ ಮಾತ್ರ ಹಾಳೆ ಮಗುಚಿಡುತ್ತಾರೆ. ಅವರ ಹತ್ತು ವರ್ಷದ ಮಗ ಎಲೀಸಿಯೊನನ್ನು ದೋಣಿ ಸಮೇತ ನುಂಗಿದ ನೀರು ಅದು. ಅಂದಿನಿಂದ ಪ್ರತಿ ಚಳಿಗಾಲ ಅವನಿಗೊಂದು ಟೋಪಿ ಹೆಣೆಯುತ್ತಾರೆ, ಹಿಂದಿನದಕ್ಕಿಂತ ತುಸು ದೊಡ್ಡದು. ಮದುವೆಯಾಗದವರ ಟೋಪಿಗೆ ನಮ್ಮಲ್ಲಿ ತುದಿ ಬಿಳಿ, ಆದವರದು ಪೂರ್ತಿ ಕೆಂಪು. ಈ ಸಲ ಬಿಳಿ ಉಂಡೆ ಬುಟ್ಟಿಯಲ್ಲೇ ಉಳಿದದ್ದು ಕಂಡು, "ಮೇಷ್ಟ್ರೇ, ಬಿಳಿ ಮರೆತ್ರಲ್ಲ?" ಎಂದೆ. "ಮರೆತಿಲ್ಲ ಕಣಯ್ಯಾ," ಎಂದರು, "ಇಪ್ಪತ್ತೆರಡು ತುಂಬ್ತು ಅವನಿಗೆ. ಇನ್ನೆಷ್ಟು ದಿನ ಅಂತ ಒಬ್ಬನೇ ಇರ್ತಾನೆ?"