ರಟ್ಟಣ್ಣನ ಚೀಟಿಗಳು

ಪುಸ್ತಕ ಹೇಗಿದೆ ಎಂದು ತಿಳಿಯಲು ರಟ್ಟಣ್ಣ ಮುನ್ನುಡಿ ನೋಡುತ್ತಿರಲಿಲ್ಲ, ಅದು ಎಲ್ಲಿ ಹರಿದಿದೆ ಎಂದು ನೋಡುತ್ತಿದ್ದ. ಸಾರ್ವಜನಿಕ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ಅವನ ಮೂವತ್ತೊಂದು ವರ್ಷದ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಹಾಳೆಗಳು ಹಿಂದುಮುಂದಾಗದಂತೆ ನೋಡಿಕೊಳ್ಳಬೇಕಾದರೆ ಪುಸ್ತಕವನ್ನು ಓದಲೇಬೇಕು ಎನ್ನುವುದು ಅವನ ವಾದ. "ಪುಟದ ಮೇಲೆ ನಂಬರ್ ಇರುತ್ತಲ್ಲಪ್ಪಾ" ಎಂದು ಗ್ರಂಥಾಲಯದ ಮೇಡಂ ಒಮ್ಮೆ ಕೇಳಿದ್ದಕ್ಕೆ, "ನಂಬರೇ ತಪ್ಪು ಅಚ್ಚಾಗಿದ್ರೆ?" ಎಂದು ಅವರ ಬಾಯಿ ಮುಚ್ಚಿಸಿದ್ದ.

ಓದಿದ ಮೇಲೆ ಸುಮ್ಮನಿರುವ ಜಾಯಮಾನ ಅವನದಲ್ಲ. ಹಿಂದಿನ ರಟ್ಟಿನ ಒಳಬದಿಗೆ ತನ್ನ ಅಭಿಪ್ರಾಯದ ಒಂದು ಪುಟ್ಟ ಚೀಟಿ ಅಂಟಿಸುತ್ತಿದ್ದ. ಜನ ಪುಸ್ತಕ ಎತ್ತಿಕೊಂಡವರೇ ಹಿಂದಿನಿಂದ ತೆರೆಯುವ ಅಭ್ಯಾಸ ಮಾಡಿಕೊಂಡಿದ್ದರು.

ಪತ್ತೇದಾರಿ ಕಾದಂಬರಿಗಳು ಅವನ ಮೇಜಿಗೆ ಬರುತ್ತಿದ್ದದ್ದು ಕೊನೆಯ ಹಾಳೆ ಕಳೆದುಕೊಂಡ ಮೇಲೆ. ಹಾಗಾಗಿ ಅವನು ಓದಿದ ಕೊಲೆಗಳಲ್ಲಿ ಅರ್ಧಕ್ಕರ್ಧ ಇನ್ನೂ ಇತ್ಯರ್ಥವಾಗಿಲ್ಲ. ತೀರಾ ತಲೆ ಕೆಟ್ಟಾಗ ಕಥೆಯಲ್ಲಿರುವ ಡಾಕ್ಟರನ್ನು ಹಿಡಿದು ಒಳಗೆ ಹಾಕಿ ಮುಂದಿನ ಪುಸ್ತಕಕ್ಕೆ ಹೋಗುತ್ತಿದ್ದ. ಪ್ರೇಮ ಕಾದಂಬರಿಗಳ ಬೆನ್ನು ನಟ್ಟನಡುವೆ ಮುರಿದಿರುತ್ತಿತ್ತು. ಮೇಜಿನ ಮೇಲಿಟ್ಟರೆ ಸಾಕು, ಎಲ್ಲರೂ ಓದಿದ ಆ ಒಂದು ಪುಟ ನಾಚಿಕೆಯಿಲ್ಲದೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಬದುಕಿನಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವ ಪುಸ್ತಕಗಳಲ್ಲಿ ಮೊದಲ ಮೂವತ್ತು ಪುಟ ಕೊಳೆ, ಅಲ್ಲಿಂದಾಚೆ ಹಾಲಿನಂತೆ ಬಿಳಿ. "ಗೆಲ್ಲೋಕೆ ಅಷ್ಟೇ ಸಾಕು ಅನ್ಸುತ್ತೆ" ಎಂದು ಚೀಟಿ. ಅಡುಗೆ ಪುಸ್ತಕಕ್ಕೆ "ಎಣ್ಣೆ ಕಲೆ ಇಲ್ಲದ ಪುಟವನ್ನು ನಂಬಬೇಡಿ." ದೊಡ್ಡವರ ಆತ್ಮಕಥೆಗಳಲ್ಲಿ ಸಡಿಲವಾಗಿರುತ್ತಿದ್ದದ್ದು ಫೋಟೋ ಇರುವ ಹಾಳೆಗಳು ಮಾತ್ರ. ಕವನ ಸಂಕಲನಗಳು ರಿಪೇರಿಗೇ ಬರುತ್ತಿರಲಿಲ್ಲ. ಒಂದೇ ಒಂದು ಬಂದಿತ್ತು, ಇಲಿ ಕಡಿದದ್ದು. ಅದನ್ನು ಎರಡು ಸಲ ಓದಿ, "ಇಲಿಗೆ ಹಿಡಿಸಿದೆ. ನನಗೂ" ಎಂದು ಬರೆದ. ಹಾಸ್ಯ ಪುಸ್ತಕಗಳ ಬಗ್ಗೆ ಅವನ ಅಭಿಪ್ರಾಯವನ್ನು ಇಲ್ಲಿ ಬಿಟ್ಟುಬಿಡುವುದೇ ಕ್ಷೇಮ.

ಹೀಗಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ಕಪಾಟುಗಳು ತುಂಬಿ ತುಳುಕುತ್ತಿವೆ, ಹತ್ತು ವರ್ಷದಿಂದ ಯಾರೂ ಮನೆಗೆ ಒಯ್ಯದ ಪುಸ್ತಕಗಳನ್ನು ತಿಂಗಳ ಕೊನೆಗೆ ರದ್ದಿಗೆ ಹಾಕಿ ಎಂದು. ಮೇಡಂ ಮಾಡಿದ ಪಟ್ಟಿಯಲ್ಲಿ ಭಾವನ ಕಾದಂಬರಿಯೂ ಇತ್ತು.

ಭಾವ ಎಂದರೆ ರಟ್ಟಣ್ಣನ ಅಕ್ಕನ ಗಂಡ, ತಿಂಗಳುಗಟ್ಟಲೆ ಊರೂರು ಸುತ್ತಿ ಜಮೀನು ಅಳೆಯುವ ಸರ್ವೇಯರ್ ಆಗಿ ನಿವೃತ್ತರಾದವರು. ನಿವೃತ್ತಿಯ ಮರುದಿನವೇ ಕೂತು ನಾನೂರ ಹನ್ನೆರಡು ಪುಟದ ಪತ್ತೇದಾರಿ ಕಾದಂಬರಿ ಬರೆದು, ತಾವೇ ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೈಯಾರೆ ಕೊಟ್ಟಿದ್ದರು. ಹನ್ನೊಂದು ವರ್ಷವಾದರೂ ಅದರ ತಾರೀಕಿನ ಹಾಳೆಗೆ ಒಂದು ಮೊಹರೂ ಬಿದ್ದಿರಲಿಲ್ಲ. ದಿನಾ ಪೇಪರ್ ಓದುವ ನೆಪದಲ್ಲಿ ಬಂದು, ಕಪಾಟಿನ ಹತ್ತಿರ ಹೋಗಿ ಪುಸ್ತಕ ಅಲ್ಲೇ ಇರುವುದನ್ನು ಕಂಡು, ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದರು.

"ನೀವೇ ಒಂದ್ಸಲ ಮನೆಗೆ ತಗೊಂಡು ಹೋಗಿ ಭಾವ. ಮೊಹರು ಬಿತ್ತು ಅಂದ್ರೆ ಪುಸ್ತಕ ಉಳಿಯುತ್ತೆ."

"ಸ್ವಂತ ಮಗೂನ ನಾನೇ ದತ್ತು ತಗೊಳ್ಳೋದೇನಯ್ಯಾ? ನೀನು ಓದಿ ಒಂದು ಚೀಟಿ ಅಂಟಿಸು. ನಿನ್ನ ಚೀಟಿ ನೋಡಿದ್ರೆ ಜನ ಮುಗಿಬೀಳ್ತಾರೆ."

"ಹರಿಯದ ಪುಸ್ತಕಕ್ಕೆ ಚೀಟಿ ಹಾಕೋ ಪದ್ಧತಿ ಇಲ್ಲ ಭಾವ."

ಪದ್ಧತಿ ಎನ್ನುವುದು ನೆಪ. ಓದಿದರೆ ನಿಜ ಬರೆಯಬೇಕಾಗುತ್ತದೆ, ಬರೆದರೆ ಅಕ್ಕನ ಮನೆಯ ಭಾನುವಾರದ ಊಟಕ್ಕೆ ಕುತ್ತು. ಹನ್ನೊಂದು ವರ್ಷ ಅವನು ಜಾರಿಕೊಂಡದ್ದು ಈ ಹೆದರಿಕೆಯಿಂದಲೇ.

ಈ ಮಾತಾದ ನಾಲ್ಕನೇ ದಿನ ಹರಿದ ಪುಸ್ತಕಗಳ ರಾಶಿಯಲ್ಲಿ ಭಾವನ ಕಾದಂಬರಿ ಬಂದಿತ್ತು, ಬೆನ್ನು ಬಿಚ್ಚಿಕೊಂಡು. ರಟ್ಟಣ್ಣ ಕನ್ನಡಕ ಏರಿಸಿದ. ಓದಿ ಓದಿ ಹರಿದ ಬೆನ್ನು ನಾರು ನಾರಾಗಿರುತ್ತದೆ. ಇದು ನೆಟ್ಟಗೆ, ಬ್ಲೇಡಿನಲ್ಲಿ ಕೊಯ್ದದ್ದು. ಸಾಲದ್ದಕ್ಕೆ ಕೊಯ್ದ ಅಂಚಿನುದ್ದಕ್ಕೂ ಸ್ಕೇಲು ಹಿಡಿದು ಎಳೆದ ಪೆನ್ಸಿಲ್ ಗೆರೆ. ಅಳತೆ ಹಾಕಿಕೊಂಡು ಪುಸ್ತಕ ಹರಿಯುವ ಮನುಷ್ಯ ಊರಿಗೆಲ್ಲ ಒಬ್ಬರೇ.

ಮೇಡಂಗೆ ತೋರಿಸಿದ್ದರೆ ಭಾವನ ಸದಸ್ಯತ್ವವೇ ರದ್ದಾಗುತ್ತಿತ್ತು. ರಟ್ಟಣ್ಣ ತೋರಿಸಲಿಲ್ಲ, ಸೂಜಿಗೆ ದಾರ ಪೋಣಿಸಿಟ್ಟು ಓದಲು ಕೂತ.

ಹನ್ನೆರಡನೇ ಪುಟದಲ್ಲೇ ಕೊಲೆಗಾರ ಯಾರೆಂದು ಹೊಳೆಯಿತು, ಈ ಸಲ ಡಾಕ್ಟರಲ್ಲ. ಪತ್ತೇದಾರನಂತೂ ಹೋದ ಕೋಣೆಯನ್ನೆಲ್ಲ ಅಳೆಯುತ್ತಿದ್ದ. ಸತ್ತವನ ಹೆಸರು ಮರೆತರೂ ಅವನ ಮಲಗುವ ಕೋಣೆ ಹನ್ನೆರಡೂವರೆಗೆ ಹದಿನಾಲ್ಕು ಅಡಿ ಎನ್ನುವುದು ಮರೆಯುವಂತಿಲ್ಲ. ಆಕಳಿಸುತ್ತ ಆಕಳಿಸುತ್ತ ಇನ್ನೂರ ಮೂವತ್ತೊಂದನೇ ಪುಟಕ್ಕೆ ಬಂದ. ಅಲ್ಲಿ ಪತ್ತೇದಾರ ಮೂರು ತಿಂಗಳ ಮೇಲೆ ಮನೆಗೆ ಬರುತ್ತಾನೆ. ಹೆಂಡತಿ ಬಾಗಿಲು ತೆಗೆದು, ನೀರು ಕೊಟ್ಟು, "ಈ ಸಲ ಎಷ್ಟು ದಿನ ಇರ್ತೀರಿ?" ಎಂದಷ್ಟೇ ಕೇಳುತ್ತಾಳೆ. ಅವನಿಲ್ಲದಾಗ ಮಂಚ ಕಿಟಕಿಯ ಕಡೆಗೆ ಸರಿದಿದೆ, ಅವನ ಬಟ್ಟೆಯ ಗೂಟದಲ್ಲಿ ಮಕ್ಕಳ ಚೀಲ ನೇತಾಡುತ್ತಿದೆ. ಕಂಡವರ ಕೋಣೆಗಳನ್ನೆಲ್ಲ ಅಳೆದ ಗಂಡಸು ತನ್ನ ಮನೆಯಲ್ಲಿ ಎಲ್ಲಿ ನಿಲ್ಲುವುದೆಂದು ತಿಳಿಯದೆ ನಡುಮನೆಯಲ್ಲಿ ನಿಂತುಬಿಡುತ್ತಾನೆ. ಹದಿಮೂರು ಪುಟ. ಮುಗಿಯುವ ಹೊತ್ತಿಗೆ ಡಬ್ಬಿಯಲ್ಲಿ ಅಂಟು ಗಟ್ಟಿಯಾಗಿತ್ತು.

ಬೆನ್ನು ಹೊಲಿದು, ರಟ್ಟು ಕಟ್ಟಿ, ಚೀಟಿ ಅಂಟಿಸಿದ: "ಕೊಲೆಗಾರ ಹನ್ನೆರಡನೇ ಪುಟದಲ್ಲೇ ಸಿಗುತ್ತಾನೆ. ಬೇಜಾರು ಬೇಡ. ೨೩೧ರಿಂದ ೨೪೩ ಓದಿ. ಈ ಕಪಾಟಿನಲ್ಲಿ ಅಂಥ ಹದಿಮೂರು ಪುಟ ಬೇರೆ ಇಲ್ಲ."

ಮರುದಿನ ಬಂದ ಭಾವ ಕಪಾಟಿನ ಹತ್ತಿರವೇ ನಿಂತು ಚೀಟಿ ಓದಿದರು. "ನಾನೂರ ಹನ್ನೆರಡರಲ್ಲಿ ಹದಿಮೂರಾ?"

"ಹೌದು ಭಾವ."

"ಮಿಕ್ಕಿದ್ದು?"

"ಮಿಕ್ಕಿದ್ದು ಸರ್ವೇ ಭಾವ."

"ಭಾನುವಾರ ನಮ್ಮನೆ ಕಡೆ ತಲೆ ಹಾಕ್ಬೇಡ" ಎಂದು ಹೊರಟವರಿಗೆ ರಟ್ಟಣ್ಣ ಮೆಲ್ಲಗೆ ಹೇಳಿದ, "ಇನ್ನೊಂದ್ಸಲ ಹರಿಯೋದಿದ್ರೆ ಪೆನ್ಸಿಲ್ ಗೆರೆ ಅಳಿಸಿಬಿಡಿ." ಭಾವನ ಕಿವಿ ಕೆಂಪಾಯಿತು. ಹಿಂದೆ ತಿರುಗಿ ನೋಡದೆ ಹೋದರು.

ಚೀಟಿ ನೋಡಿ ಯಾರೂ ಮುಗಿಬೀಳಲಿಲ್ಲ. ಇಬ್ಬರು ಕಪಾಟಿನ ಬಳಿಯೇ ನಿಂತು ಹದಿಮೂರು ಪುಟ ಓದಿ ವಾಪಸ್ ಇಟ್ಟು ಹೋದರು. ನಿಂತು ಓದಿದ್ದಕ್ಕೆ ಮೊಹರು ಬೀಳುವುದಿಲ್ಲವಲ್ಲ. ತನ್ನ ಚೀಟಿಯೇ ಭಾವನ ಪುಸ್ತಕಕ್ಕೆ ಮುಳುವಾಯಿತೇ ಎಂದು ರಟ್ಟಣ್ಣನಿಗೆ ಒಳಗೊಳಗೇ ಕಸಿವಿಸಿ.

ತಿಂಗಳ ಕೊನೆಯ ದಿನ, ರದ್ದಿಯವನ ಗಾಡಿ ಬರಲು ಒಂದು ಗಂಟೆ ಇದೆ ಎನ್ನುವಾಗ ಅಕ್ಕ ಬಂದಳು, ಸದಸ್ಯತ್ವದ ಹೊಸ ಕಾರ್ಡು ಹಿಡಿದುಕೊಂಡು.

"ಊಟಕ್ಕೆ ಕೂತ್ರೂ ಹದಿಮೂರು, ಎದ್ರೂ ಹದಿಮೂರು ಅಂತಾರಲ್ಲೋ. ಏನದು ಹದಿಮೂರು?"

"ನೀನು ಓದಿಲ್ವೇನಕ್ಕಾ?"

"ಬರೆಯೋವಾಗ ಎದುರಿಗೆ ಕೂರಿಸ್ಕೊಂಡು ಓದಿ ಹೇಳಿದ್ರಪ್ಪಾ. ಎರಡನೇ ಕೋಣೆ ಅಳೆಯೋಷ್ಟರಲ್ಲಿ ನನಗೆ ನಿದ್ದೆ. ಆಮೇಲೆ ಅವರೂ ಓದಿ ಹೇಳಲಿಲ್ಲ, ನಾನೂ ಕೇಳಲಿಲ್ಲ."

ರಟ್ಟಣ್ಣ ಪುಟ ತೆಗೆದುಕೊಟ್ಟ. ಅಕ್ಕ ಅವನ ಸ್ಟೂಲಿನ ಮೇಲೆ ಕೂತು ಓದಿದಳು. ಅವನು ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ.

"ನಾನು ಹೀಗೇ ಕೇಳಿದ್ದೆ ಕಣೋ, ಎಷ್ಟು ದಿನ ಇರ್ತೀರಿ ಅಂತ" ಎಂದಳು ಕೊನೆಗೆ. "ಕೇಳಿಸ್ಕೊಂಡಿದ್ರು ಅಂತ ನನಗೆ ಗೊತ್ತೇ ಇರಲಿಲ್ಲ."

ಎದ್ದು ಪುಸ್ತಕವನ್ನು ಮೇಡಂ ಮುಂದಿಟ್ಟಳು. ಹನ್ನೊಂದು ವರ್ಷದ ಖಾಲಿ ಹಾಳೆಯ ಮೇಲೆ ಮೊಹರು ಟಪ್ಪೆಂದು ಬಿತ್ತು.

"ಹದಿನೈದು ದಿನದಲ್ಲಿ ತಂದುಕೊಡಿ" ಎಂದರು ಮೇಡಂ, ಪಟ್ಟಿಯಲ್ಲಿ ಒಂದು ಸಾಲು ಹೊಡೆದುಹಾಕುತ್ತ.

"ಹದಿನೈದು ದಿನ ಎಲ್ಲಿ ಸಾಕಾಗುತ್ತೆ ಮೇಡಂ?" ಅಕ್ಕ ಪುಸ್ತಕ ಎತ್ತಿಕೊಂಡಳು. "ಮೊದಲನೇ ಪುಟದಿಂದ ಅವರ ಹತ್ರಾನೇ ಓದಿಸ್ಬೇಕು. ಈ ಸಲ ನಾನು ನಿದ್ದೆ ಮಾಡಲ್ಲ."